ಕೈ ತೊಳೆಯುವ ಕಾರ್ಯಕ್ರಮ

ಕರುಳು ತೊಳೆಯುವವರ ಬೆರಳಿಗೆ ಉಗುರು ನಿಲ್ಲುವುದಿಲ್ಲ. ಸುಣ್ಣದ ನೀರು ಮೊದಲು ಉಗುರಿನ ಬುಡ ತಿನ್ನುತ್ತದೆ, ಆಮೇಲೆ ಬೆರಳ ಸಂದು. ಕಸಾಯಿಖಾನೆಯ ಹಿಂದೆ ಒಂದು ತಗಡಿನ ಶೆಡ್ಡು. ಅಲ್ಲಿ ಹೆಂಗಸರು ಕುಕ್ಕರುಗಾಲಲ್ಲಿ ಕೂತು, ಬಿಸಿ ಆರದ ಕರುಳನ್ನು ಹಿಂಡಿ ಸಗಣಿ ತೆಗೆಯುತ್ತಾರೆ. ಕೋಲಿಗೆ ಸಿಕ್ಕಿಸಿ ಒಳಮೈ ಹೊರಗೆ ಮಾಡುತ್ತಾರೆ. ಸುಣ್ಣದ ತೊಟ್ಟಿಗೆ ಹಾಕಿ ಉಜ್ಜುತ್ತಾರೆ. ಹೀಗೆ ಉಜ್ಜುತ್ತಲೇ ಮೆಣಸಿನ ಅವ್ವ ಮಗಳನ್ನು ವಿಶ್ವವಿದ್ಯಾಲಯದ ಬಾಗಿಲು ಹತ್ತಿಸಿದ್ದಳು.

ಮೆಣಸು ಅನ್ನುವುದು ಶೆಡ್ಡಿನ ಹೆಂಗಸರು ಇಟ್ಟ ಹೆಸರು. ಹುಟ್ಟಿದಾಗ ಕಪ್ಪಗೆ, ಸಣ್ಣಗೆ, ಗುಂಡಗಿದ್ದಳು. ಬಾಯಿ ಬಂದ ಮೇಲೆ ಖಾರವೂ ಸೇರಿತು. ಹೆಸರು ಗಟ್ಟಿಯಾಯಿತು.

ಸಮಾಜಕಾರ್ಯ ಓದುತ್ತಿದ್ದಳು. ಕೊನೆಯ ವರ್ಷ ಎಲ್ಲ ವಿದ್ಯಾರ್ಥಿಗಳೂ ಯಾವುದಾದರೂ ಸೇವಾಸಂಸ್ಥೆಯಲ್ಲಿ ಇಂಟರ್ನ್ ಆಗಿ ದುಡಿಯಬೇಕು. ಸಂಸ್ಥೆಯವರು ಇವರು ಸರಿಯಾಗಿ ದುಡಿದರು ಎಂದರೆ ಮಾತ್ರ ಪದವಿ. ಅವ್ವನಿಗೆ ಇದನ್ನು ಬಿಡಿಸಿ ಹೇಳಿದಾಗ ಅವಳು ನಕ್ಕಳು.

"ಪುಕ್ಕಟೆ ದುಡಿಯೋಕೆ ಇಷ್ಟೆಲ್ಲ ಓದ್ಬೇಕಿತ್ತೇನೇ? ನಾನು ಓದದೇನೇ ದುಡೀತಿದೀನಲ್ಲ."

"ಇದು ಕಲಿಯೋದು ಅವ್ವ."

"ಕಲಿ ಕಲಿ. ಕಲ್ತು ಮುಗಿಸ್ಬಿಟ್ಟು ಕುರ್ಚಿ ಮೇಲೆ ಕೂತ್ಕೋ. ಒಂದ್ಸಲ ನೋಡ್ಬೇಕು ನಾನು."

ಮೆಣಸಿಗೆ ಸಿಕ್ಕಿದ್ದು ಊರಿಗೆಲ್ಲ ಹೆಸರಾದ ಸಂಸ್ಥೆ. ಗಾಜಿನ ಬಾಗಿಲು, ತಣ್ಣನೆಯ ಗಾಳಿ. ಗೋಡೆಯ ಮೇಲೆ 'ದುಡಿಯುವ ಕೈಗೆ ಘನತೆ' ಎಂದು ದೊಡ್ಡದಾಗಿ ಬರೆದಿತ್ತು. ಅದನ್ನು ನಡೆಸುತ್ತಿದ್ದವರನ್ನು ಎಲ್ಲರೂ ಮೇಡಂ ಅನ್ನುತ್ತಿದ್ದರು. ಮೆತ್ತಗೆ ಮಾತಾಡುವ ಹೆಂಗಸು. ಮಾತಾಡುವಾಗ ಎದುರಿನವರ ಭುಜದ ಮೇಲೆ ಕೈ ಇಡುತ್ತಿದ್ದರು. ಬಂದ ವಿದ್ಯಾರ್ಥಿಗಳನ್ನೆಲ್ಲ ಸುತ್ತ ಕೂರಿಸಿಕೊಂಡು, "ಇಲ್ಲಿ ದೊಡ್ಡೋರು ಚಿಕ್ಕೋರು ಅಂತ ಇಲ್ಲ. ನಾವೆಲ್ಲ ಒಂದೇ ಕುಟುಂಬ" ಅಂದರು.

ಮೊದಲ ವಾರ ಚೆನ್ನಾಗಿಯೇ ಇತ್ತು. ಮೆಣಸಿಗೊಂದು ಮೇಜು ಕೊಟ್ಟರು. ಪಕ್ಕದ ಮೇಜಿನಲ್ಲಿ ದಪ್ಪ ಕನ್ನಡಕದ ಹುಡುಗಿ. ಅವಳೂ ಅದೇ ವಿಭಾಗದವಳು, ದೊಡ್ಡ ಮನೆಯವಳು. ಮಧ್ಯಾಹ್ನ ಬುತ್ತಿ ಬಿಚ್ಚಿದರೆ ಇವಳದಕ್ಕೆ ಅವಳು ಕೈ ಹಾಕುತ್ತಿದ್ದಳು, ಅವಳದಕ್ಕೆ ಇವಳು. "ನಿಮ್ಮಮ್ಮ ಏನ್ಮಾಡ್ತಾರೆ?" ಎಂದು ಕನ್ನಡಕ ಕೇಳಿದಾಗ ಮೆಣಸು, "ಕೆಲಸ ಮಾಡ್ತಾರೆ" ಅಂದಿದ್ದಳು. ಸುಳ್ಳೇನಲ್ಲ.

ಎರಡನೇ ವಾರ ಎಲ್ಲರನ್ನೂ ವ್ಯಾನಿನಲ್ಲಿ ಕೂರಿಸಿಕೊಂಡು ಕಸಾಯಿಖಾನೆಗೆ ಕರೆದುಕೊಂಡು ಹೋದರು.

ವ್ಯಾನು ಆ ಗೇಟಿನೊಳಗೆ ತಿರುಗುವವರೆಗೂ ಎಲ್ಲಿಗೆ ಹೋಗುತ್ತಿದ್ದೇವೆ ಎಂದು ಮೆಣಸಿಗೆ ಗೊತ್ತಿರಲಿಲ್ಲ. ಉಳಿದವರು ಮೂಗಿಗೆ ಬಟ್ಟೆ ಹಿಡಿದರು. ಹಿಡಿಯಬೇಕೋ ಬೇಡವೋ ತಿಳಿಯದೆ ಅವಳು ಕೈಯನ್ನು ಗಾಳಿಯಲ್ಲೇ ನಿಲ್ಲಿಸಿಕೊಂಡಳು.

ಶೆಡ್ಡಿನಲ್ಲಿ ಅವ್ವ ಮುಂದಿನ ಸಾಲಿನಲ್ಲೇ ಕೂತಿದ್ದಳು. ಮೊಣಕೈವರೆಗೆ ಹಸಿರು ಸಗಣಿ. ತಲೆ ಎತ್ತಿದಳು, ಮಗಳನ್ನು ನೋಡಿದಳು. ಮಗಳ ಹಿಂದೆ ನಿಂತವರ ಬಟ್ಟೆ ನೋಡಿದಳು, ಬೂಟು ನೋಡಿದಳು. ಕಣ್ಣು ಮಿಟುಕಿಸಲಿಲ್ಲ.

"ಬನ್ನಿ ಮೇಡಂ," ಅಂದಳು. ಅಂದಿದ್ದು ಮಗಳಿಗೆ. "ನೆಲ ಜಾರುತ್ತೆ, ಹುಷಾರು."

ಮೆಣಸು ತಲೆ ಆಡಿಸಿದಳು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಅಜ್ಜಿಯ ಧ್ವನಿ ಬಂತು. ಶೆಡ್ಡಿನಲ್ಲೇ ಹಣ್ಣಾದ ಮುದುಕಿ, ಕಣ್ಣು ಮಂಜು, ಬಾಯಿ ಮಾತ್ರ ಚುರುಕು.

"ಏ, ನಮ್ಮ ಮೆಣಸಲ್ವೇನೇ ಅದು? ಏನೇ ಇದು, ಅವ್ವನ್ನ ನೋಡೋಕೆ ದಿಬ್ಬಣ ಕಟ್ಕೊಂಡು ಬಂದಿದೀಯಾ!"

ಹೆಂಗಸರು ನಕ್ಕರು. ವಿದ್ಯಾರ್ಥಿಗಳು ಮೆಣಸಿನ ಕಡೆ ತಿರುಗಿದರು. ಕನ್ನಡಕದ ಹುಡುಗಿ ಒಂದು ಹೆಜ್ಜೆ ಹಿಂದೆ ಸರಿದಳು. ಬೇಕೆಂದು ಸರಿದದ್ದಲ್ಲ, ಕಾಲು ತಾನಾಗಿ ಸರಿಯಿತು. ಮೆಣಸು ಅದನ್ನು ನೋಡಿದಳು.

ಮೇಡಂ ಮುಖ ಮಾತ್ರ ಅರಳಿತು. "ಅಯ್ಯೋ ಮಗಳೇ, ಮೊದಲೇ ಹೇಳೋದಲ್ವಾ? ಕಥೆ ಹುಡ್ಕೊಂಡು ಊರೆಲ್ಲ ಸುತ್ತುತೀವಿ. ನಮ್ಮ ಆಫೀಸಲ್ಲೇ ಕೂತಿತ್ತಲ್ಲ!"

ಆವತ್ತು ಹೊರಡುವ ಮುಂಚೆ ಮೇಡಂ ಹೆಂಗಸರನ್ನು ಕೇಳಿದರು: ನಿಮಗೇನು ಬೇಕು ಹೇಳಿ, ಸಂಕೋಚ ಬೇಡ. ಹೆಂಗಸರು ಮುಖ ಮುಖ ನೋಡಿಕೊಂಡರು. ಅವ್ವನೇ ಬಾಯಿ ಬಿಟ್ಟಳು. "ತಿಂಗಳಿಗೊಂದ್ಸಲ ಒಬ್ಬ ಡಾಕ್ಟರನ್ನ ಕಳಿಸಿದ್ರೆ ಸಾಕು. ಕೈ ನೋಡ್ಲಿ ಅಂತ."

ಮೇಡಂ ಜೊತೆಗಿದ್ದ ಸಂಯೋಜಕನ ಕಡೆ ನೋಡಿದರು. ಸಂಸ್ಥೆಯ ಓಡಾಟವೆಲ್ಲ ಅವನದೇ. ಅವನು ತಲೆ ಅಲ್ಲಾಡಿಸಿದ.

"ಅದು ನಮ್ಮ ಯೋಜನೇಲಿ ಬರಲ್ಲಮ್ಮ. ನಮ್ಮದು ಜಾಗೃತಿ."

"ಯಾರಿಗೆ ಜಾಗೃತಿ?" ಅಜ್ಜಿ ಕೇಳಿದಳು. ಅವನು ಆಗಲೇ ವ್ಯಾನಿನ ಕಡೆ ನಡೆದಿದ್ದ.

ಮರುದಿನದಿಂದ ಎಲ್ಲ ಬದಲಾಯಿತು. ಯಾರೂ ಬಾಯಿ ಬಿಟ್ಟು ಏನೂ ಅನ್ನಲಿಲ್ಲ. ಅವಳ ಮೇಜನ್ನು ಕಿಟಕಿಯ ಪಕ್ಕಕ್ಕೆ ಎಳೆದಿದ್ದರು, ಬೆಳಕು ಚೆನ್ನಾಗಿರುತ್ತದೆ ಅಂತ. ಕನ್ನಡಕ ಬುತ್ತಿ ತರುವುದನ್ನು ಬಿಟ್ಟಳು, ಹೊಟ್ಟೆ ಸರಿಯಿಲ್ಲ ಅಂತ. ಅವಳು ಹೊರಗೆ ಬಾಕಿಯವರ ಜೊತೆ ಕೂತು ತಿನ್ನುವುದನ್ನು ಮೆಣಸು ಕಿಟಕಿಯಿಂದಲೇ ನೋಡಿದಳು. ಯಾರೋ ಸುವಾಸನೆಯ ಡಬ್ಬಿಯೊಂದನ್ನು ತಂದು ಗೋಡೆಗೆ ಹಾಕಿದರು. ಅದು ಆಗಾಗ ಅವಳ ತಲೆಯ ಮೇಲೆ ಚುಸ್ ಎಂದು ಉಗಿಯುತ್ತಿತ್ತು.

ಕಕ್ಕಸು ತೊಳೆಯುವವಳು ರಜೆ ಹಾಕಿದ ದಿನ ಸಂಯೋಜಕ ಸೀದಾ ಮೆಣಸಿನ ಹತ್ತಿರ ಬಂದ.

"ಸ್ವಲ್ಪ ನೋಡ್ಕೊಳ್ತೀಯಾ? ಬೇರೆಯವರಿಗೆ ಹೇಳಿದ್ರೆ ಬೇಜಾರಾಗ್ತಾರೆ. ನಿನಗಾದ್ರೆ ಅಭ್ಯಾಸ ಇರುತ್ತಲ್ಲ."

"ನನಗೆ ಓದಿ ಅಭ್ಯಾಸ ಸಾರ್."

"ಅದಕ್ಕೇ ಹೇಳಿದ್ದು. ಓದಿದವಳು ಕೆಲಸಕ್ಕೆ ನಾಚ್ಕೋಬಾರ್ದು."

ತೊಳೆದಳು. ಮಂಡಿಯೂರಿ ತೊಳೆದಳು. ಹೊರಗೆ ಬಾಕಿಯವರು 'ಶ್ರಮ ಮತ್ತು ಸಮಾನತೆ' ಎಂಬ ಭಿತ್ತಿಚಿತ್ರಕ್ಕೆ ಬಣ್ಣ ಆರಿಸುತ್ತಿದ್ದರು. ಹಳದಿಯೋ ಕಿತ್ತಳೆಯೋ ಎಂದು ಜಗಳ ನಡೆದಿತ್ತು.

ಮೇಡಂ ಅವಳಿಗೆ ಕೊಟ್ಟ ಕೆಲಸ ಬೇರೆ. ಅವಳು ತನ್ನ ಬದುಕು ಹೇಳಬೇಕು, ಅವರು ತಿದ್ದಬೇಕು.

"ಅಪ್ಪ ಕುಡೀತಿದ್ದ ಅಲ್ವಾ?"

"ಇಲ್ಲ ಮೇಡಂ. ಅಪ್ಪನಿಗೆ ಚಹಾ ಬಿಟ್ರೆ ಬೇರೆ ಏನೂ ಸೇರ್ತಿರ್ಲಿಲ್ಲ. ಜ್ವರ ಬಂದು ಹೋದ."

"ಹೊಡೀತಿದ್ದನಾ?"

"ಹಾಡ್ತಿದ್ದ."

ಮೇಡಂ ನಿಟ್ಟುಸಿರು ಬಿಟ್ಟರು. "ನೋಡು ಮಗಳೇ, ಕೇಳೋರ ಮನಸ್ಸು ಕರಗ್ಬೇಕು. ಹಾಡೋ ಅಪ್ಪನ್ನ ಇಟ್ಕೊಂಡು ನಾನೇನ್ ಮಾಡ್ಲಿ? ಕುಡೀತಿದ್ದ ಅಂತಿರ್ಲಿ. ಸತ್ತವರಿಗೆ ಏನಾಗ್ಬೇಕು?"

ಪದವಿ ಅವರ ಒಂದು ಮಾತಿನಲ್ಲಿತ್ತು. ಅಪ್ಪ ಕುಡುಕನಾದ.

ಆಮೇಲೆ ದಾನಿಗಳ ಸಭೆ ಬಂತು. ದೂರದೂರದಿಂದ ಬರುವವರು. ದೊಡ್ಡ ಸಭಾಂಗಣ ಹಿಡಿದಿದ್ದರು. ಮೇಡಂಗೆ ಒಂದು ಯೋಚನೆ ಹೊಳೆದಿತ್ತು. ವೇದಿಕೆಯ ಮೇಲೆ ಕರುಳು ತೊಳೆಯುವ ತಾಯಿಯೊಬ್ಬಳನ್ನು ಕೂರಿಸುವುದು. ದಾನಿಗಳು ಒಬ್ಬೊಬ್ಬರಾಗಿ ಬಂದು ಅವಳ ಕೈ ತೊಳೆಯುವುದು. ಸನ್ಮಾನ. ತಾಯಿ ಯಾರೆಂದು ಯಾರೂ ಕೇಳಬೇಕಾಗಿರಲಿಲ್ಲ.

ಮನೆಯಲ್ಲಿ ಹೇಳಿದಾಗ ಅವ್ವ ಬೆರಳಿಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದಳು. ಹಿಂದಿನ ದಿನ ಬಲಗೈ ತೋರುಬೆರಳಿಗೆ ಚಾಕು ತಾಗಿತ್ತು. ಗಾಯ ಮೂಳೆಯವರೆಗೆ ಇತ್ತು.

"ನನ್ನ ಕೈ ಅವರ್ಯಾಕೆ ತೊಳೀತಾರೆ? ನನಗೇನು ಕೈಯಿಲ್ವಾ?"

"ಬೇಡ ಅಂತೀನಿ ಅವ್ವ."

"ಬೇಡ ಅಂದ್ರೆ ನಿನ್ನ ಪಾಸು ಮಾಡ್ತಾರಾ?"

ಮೆಣಸು ಬಟ್ಟೆಯ ತುದಿ ಹಿಡಿದು ಗಂಟು ಹಾಕಿದಳು.

"ಹಾಗಾದ್ರೆ ತೊಳೀಲಿ ಬಿಡು. ಚರ್ಮ ಏನು ಕಿತ್ಕೊಂಡು ಹೋಗಲ್ವಲ್ಲ."

ಸಭೆಯ ದಿನ ಬೆಳಗ್ಗೆ ಮೆಣಸು ಅವ್ವನನ್ನು ಕರೆದುಕೊಂಡು ಮೇಡಂ ಮುಂದೆ ನಿಂತಳು. "ಅವ್ವನ ಬೆರಳಲ್ಲಿ ದೊಡ್ಡ ಗಾಯ ಇದೆ ಮೇಡಂ. ಎಡಗೈ ಮಾತ್ರ ತೊಳೆದ್ರೆ ಆಗಲ್ವಾ?"

ಮೇಡಂ ಅವ್ವನ ಕೈಯನ್ನು ಎತ್ತಿ ನೋಡಿದರು. "ಅಯ್ಯೋ ಪಾಪ," ಅಂದರು. ಆಮೇಲೆ ಸಂಯೋಜಕನಿಗೆ, "ಬಟ್ಟೆ ಬಿಚ್ಚಿಸು. ಗಾಯ ಕಾಣ್ಬೇಕು."

ವೇದಿಕೆಯ ಮೇಲೆ ಒಂದು ಪೀಠ, ಅದರ ಮುಂದೆ ಹೊಳೆಯುವ ಬೋಗುಣಿ. ನೀರಿಗೆ ಹೂವಿನ ಎಸಳು, ನಿಂಬೆರಸ, ಯಾವುದೋ ಸುಗಂಧದ ಎಣ್ಣೆ ಹಾಕಿದ್ದರು. ಪರದೆಯ ಹಿಂದೆ ಒಂದು ಬಕೆಟ್ಟು. ಅದರ ತುಂಬ ಅದೇ ದಿನದ ಕರುಳು, ತೊಳೆಯದ್ದು. ಕಾರ್ಯಕ್ರಮ ಶುರುವಾಗುವ ಮುಂಚೆ ಅವ್ವ ಅದರಲ್ಲಿ ಕೈ ಅದ್ದಿಕೊಂಡು ಬಂದು ಕೂರಬೇಕು. ಬಕೆಟ್ಟು ನೋಡಿಕೊಳ್ಳುವ ಕೆಲಸ ಮೆಣಸಿನದು.

ಅವ್ವ ಅದ್ದಿದಳು, ಬಂದು ಕೂತಳು. ದೀಪಗಳು ಅವಳ ಮೇಲೆ ಬಿದ್ದವು. ಕುಡುಕ ಗಂಡನ ಕಥೆಯನ್ನು ಮೇಡಂ ಮೈಕಿನಲ್ಲಿ ಹೇಳಿದರು. ಅವ್ವ ತಿರುಗಿ ಮಗಳನ್ನು ನೋಡಿದಳು. ಮೆಣಸು ನೆಲ ನೋಡಿದಳು.

ಮೊದಲು ಬಂದವನು ವಯಸ್ಸಾದ ದಾನಿ. ಅವ್ವನ ಎರಡೂ ಕೈ ಹಿಡಿದು ನೀರಿಗೆ ಇಳಿಸಿದ. ನಿಂಬೆರಸ ಗಾಯಕ್ಕೆ ಇಳಿಯಿತು. ಅವ್ವನ ಬೆನ್ನು ಸೆಟೆಯಿತು, ಕಾಲಿನ ಹೆಬ್ಬೆರಳು ನೆಲ ಕೆರೆಯಿತು. ಮುಖದಲ್ಲಿ ಮಾತ್ರ ನಗುವಿತ್ತು, ನಗಬೇಕು ಎಂದು ಮೊದಲೇ ಹೇಳಿದ್ದರು. ದಾನಿಯ ಕಣ್ಣಲ್ಲಿ ನೀರು ಬಂತು. ಅವ್ವನ ಕಣ್ಣಲ್ಲೂ ಬಂತು. ಸಭೆ ಚಪ್ಪಾಳೆ ತಟ್ಟಿತು.

ಎರಡನೆಯವರು ಬರುವಷ್ಟರಲ್ಲಿ ಫೋಟೋ ತೆಗೆಯುವವನು ಕೈ ಎತ್ತಿ ತಡೆದ. "ಕೈ ಕ್ಲೀನಾಗಿಬಿಟ್ಟಿದೆ. ಹೀಗೆ ತೆಗೆದ್ರೆ ಏನೂ ಕಾಣಲ್ಲ."

ಸಂಯೋಜಕ ಮೆಣಸಿಗೆ ಸನ್ನೆ ಮಾಡಿದ. ಬಕೆಟ್ಟು ಬಂತು. ಅವ್ವ ಅದರೊಳಗೆ ಕೈ ಹಾಕಿದಳು. ಬಾಯ್ತೆರೆದ ಗಾಯದೊಳಕ್ಕೆ ಹಸಿ ಸಗಣಿ ಹೋಯಿತು. ಎರಡನೆಯವರು ತೊಳೆದರು. ಮತ್ತೆ ಬಕೆಟ್ಟು, ಮೂರನೆಯವರು. ಮತ್ತೆ ಬಕೆಟ್ಟು. ಬೋಗುಣಿಯ ನೀರು ಕೆಂಪಗಾಗತೊಡಗಿತು. ಕನ್ನಡಕದ ಹುಡುಗಿ ಬೇಗ ಬೇಗ ಹೊಸ ಎಸಳು ತಂದು ಅದರ ಮೇಲೆ ಉದುರಿಸಿದಳು. ಸಾಲು ಇನ್ನೂ ಉದ್ದವಿತ್ತು.

ಅವ್ವ ಈಗ ನಗುತ್ತಿರಲಿಲ್ಲ. ಹಲ್ಲು ಕಚ್ಚಿದ್ದಳು. ದೂರದಿಂದ ನೋಡಿದರೆ ಅದೂ ನಗುವಿನ ಹಾಗೇ ಕಾಣುತ್ತಿತ್ತು.

"ಮೆಣಸು, ಬಕೆಟ್ ತಾ," ಸಂಯೋಜಕ ಅಂದ.

"ತರಲ್ಲ."

"ಏನಂದೆ?"

"ತರಲ್ಲ ಅಂದೆ. ಕೈ ತೊಳೆದಾಯ್ತಲ್ಲ. ಮತ್ತೆ ಯಾಕೆ ಹೊಲಸು ಮಾಡ್ಬೇಕು?"

ಮೇಡಂ ಮೈಕನ್ನು ಪಕ್ಕಕ್ಕಿಟ್ಟು ಬಂದರು. ಅವಳ ಭುಜದ ಮೇಲೆ ಕೈ ಇಟ್ಟರು. ಈ ಸಲ ಬೆರಳುಗಳು ಒತ್ತುತ್ತಿದ್ದವು. "ಇದು ನಿನ್ನ ಅವ್ವನ ಸನ್ಮಾನ ಕಣಮ್ಮ. ಹಾಳು ಮಾಡ್ಬೇಡ."

ಮೆಣಸು ಆ ಕೈಯನ್ನು ಭುಜದಿಂದ ಎತ್ತಿ ತೆಗೆದಳು. ಅವ್ವನ ಎದೆಯ ಮೇಲೆ ಸಿಕ್ಕಿಸಿದ್ದ ಸಣ್ಣ ಮೈಕು ಅವಳ ಮಾತನ್ನು ಸಭೆಗೆಲ್ಲ ಕೇಳಿಸಿತು.

"ಸನ್ಮಾನ ಅಷ್ಟು ಚೆನ್ನಾಗಿದ್ರೆ ನೀವು ತಗೊಳ್ಳಿ ಮೇಡಂ. ಹಾಕಿ ಬಕೆಟ್ಟಿಗೆ ಕೈ. ಮೊದಲು ಬೆರಳು ಕುಯ್ಕೊಳ್ಳಿ, ಆಮೇಲೆ ಹಾಕಿ. ನಮ್ಮವ್ವ ತೊಳೀತಾಳೆ. ಜೀವನವೆಲ್ಲ ಅದನ್ನೇ ಮಾಡಿದಾಳೆ. ಮತ್ತೆ ಕೇಳಿ ಎಲ್ಲರೂ. ನಮ್ಮಪ್ಪ ಕುಡೀತಿರ್ಲಿಲ್ಲ."

ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಅದನ್ನು ನೋಡಿ ಉಳಿದವರೂ ತಟ್ಟಿದರು. ಒಬ್ಬ ಹೆಂಗಸು ಎದ್ದು ನಿಂತೇ ತಟ್ಟಿದಳು. ಇದೂ ಕಾರ್ಯಕ್ರಮದ ಭಾಗ ಎಂದುಕೊಂಡಿದ್ದರು. ಮೇಡಂ ಸಭೆಯ ಕಡೆ ತಿರುಗಿ ಕೈ ಮುಗಿದರು.

ಆ ಚಪ್ಪಾಳೆಯ ನಡುವೆಯೇ ಮೆಣಸು ಅವ್ವನ ರಟ್ಟೆ ಹಿಡಿದು ಎಬ್ಬಿಸಿ, ಮೆಟ್ಟಿಲಿಳಿಸಿ, ಹೊರಗೆ ಕರೆದುಕೊಂಡು ಬಂದಳು.

ಬೀದಿಗೆ ಬಂದ ಮೇಲೆ ಅವ್ವ ನಿಂತಳು. ಎಡಗೈ ಎತ್ತಿ ಮಗಳ ಕೆನ್ನೆಗೆ ಬಾರಿಸಿದಳು.

"ನಾನು ತಡ್ಕೊಂಡಿದ್ದೆ ತಾನೇ? ತಡ್ಕೊಂಡಿದ್ದೆ ತಾನೇ ನಾನು? ಇನ್ನು ನಾಲ್ಕು ಜನ ತೊಳೆದ್ರೆ ಮುಗೀತಿತ್ತು. ನಿನಗೇನು ರೋಗ ಬಂದಿತ್ತು?"

"ನೋಡೋಕಾಗ್ಲಿಲ್ಲ ಅವ್ವ."

"ನೋಡೋಕಾಗ್ಲಿಲ್ವಂತೆ! ಮೈಯೆಲ್ಲ ಹೊಲಸು ಮಾಡ್ಕೊಂಡು ನಿನ್ನ ಓದ್ಸಿದ್ದು ಯಾಕೆ? ಬಾಯಿ ಮುಚ್ಕೊಂಡು ಪಾಸಾಗು ಅಂತ. ಅಷ್ಟೂ ಆಗ್ಲಿಲ್ವಾ ನಿನ್ನ ಕೈಲಿ?"

ದಾರಿಯಲ್ಲಿ ಹೋಗುವವರು ನಿಂತು ನೋಡಿದರು. ಅವ್ವನ ಬೆರಳಿನಿಂದ ರಕ್ತ ಸೋರುತ್ತಿತ್ತು. ಮೆಣಸು ತನ್ನ ಮೇಲುಹೊದಿಕೆ ಹರಿದು ಕಟ್ಟಲು ಹೋದಳು. ಅವ್ವ ಕೈ ಕಿತ್ತುಕೊಂಡಳು. ಮನೆಯವರೆಗೂ ಮಗಳನ್ನು ಹಿಂದೆ ಬಿಟ್ಟು ಒಬ್ಬಳೇ ನಡೆದಳು.

ಬೆರಳು ಬಾತಿತು. ಆಮೇಲೆ ಕೈ. ಜ್ವರ ಏರಿದ ಮೇಲೆ ಆಸ್ಪತ್ರೆಗೆ ಹೊತ್ತುಕೊಂಡು ಹೋದರು. ಡಾಕ್ಟರು ನೋಡಿ, ಹೊಲಸು ಒಳಗೆ ಹೋಗಿ ಕೊಳೆತಿದೆ, ಕೈ ಉಳಿಯಬೇಕಾದರೆ ಬೆರಳು ತೆಗೆಯಬೇಕು ಅಂದರು. ತೆಗೆದರು. ಅವ್ವ ಎಚ್ಚರಾದಾಗ ಕೇಳಿದ ಮೊದಲ ಮಾತು, "ಕೋಲು ಹಿಡಿಯೋಕೆ ಬರುತ್ತಾ?"

ಆಸ್ಪತ್ರೆಯ ಎದುರು ರಸ್ತೆಯಲ್ಲೇ ಸಂಸ್ಥೆಯ ದೊಡ್ಡ ಫಲಕ ಎದ್ದಿತು. ವಯಸ್ಸಾದ ದಾನಿ, ಅವನ ಕೈಯೊಳಗೆ ಅವ್ವನ ಕೈ. ತೋರುಬೆರಳು ಸ್ಪಷ್ಟವಾಗಿ ಕಾಣುತ್ತಿತ್ತು.

ವಿಭಾಗದ ಮುಖ್ಯಸ್ಥರು ಮೆಣಸನ್ನು ಕರೆಸಿದರು. ಕೆಟ್ಟವರೇನಲ್ಲ. ಕುರ್ಚಿ ತೋರಿಸಿ ಕೂರು ಅಂದರು.

"ಹೋಗಿ ಒಂದು ಕ್ಷಮೆ ಕೇಳ್ಬಿಡಮ್ಮ. ಅವರೂ ದೊಡ್ಡ ಮನಸ್ಸಿನೋರು. ನಿನ್ನ ಭವಿಷ್ಯದ ಪ್ರಶ್ನೆ."

"ಅವರು ಅವ್ವನ ಹತ್ರ ಬಂದು ಕೇಳ್ಲಿ ಸಾರ್. ಆಮೇಲೆ ನಾನು ಕೇಳ್ತೀನಿ."

"ಹಾಗೆಲ್ಲ ಮಾತಾಡಿದ್ರೆ ಈ ವರ್ಷ ಹೋಯ್ತು ಅಂದ್ಕೋ."

"ಅವ್ವನ ಬೆರಳು ಹೋಯ್ತು ಸಾರ್."

ಅವರು ಕಿಟಕಿಯ ಕಡೆ ನೋಡಿದರು. ಅವಳು ಎದ್ದು ಬಂದಳು. ವರ್ಷ ಹೋಯಿತು. ಕನ್ನಡಕದ ಹುಡುಗಿ ಮೊದಲ ದರ್ಜೆಯಲ್ಲಿ ಪಾಸಾದಳು. ಸಂಸ್ಥೆಯವರು ಅವಳನ್ನು ಕೆಲಸಕ್ಕೂ ಇಟ್ಟುಕೊಂಡರು.

ನಿಮ್ಮ ಹೆಂಗಸರಿಗೆ ಶಿಸ್ತಿಲ್ಲ ಎಂದು ಸಂಯೋಜಕ ಶೆಡ್ಡಿನ ಮೇಸ್ತ್ರಿಗೆ ದೂರಿದ್ದ. ಬ್ಯಾಂಡೇಜು ಬಿಚ್ಚಿ ಅವ್ವ ಕೆಲಸಕ್ಕೆ ಹೋದಾಗ ಮೇಸ್ತ್ರಿ ಅವಳನ್ನು ಹಿಂಡುವ ಸಾಲಿನಿಂದ ಎಬ್ಬಿಸಿ ಸುಣ್ಣದ ತೊಟ್ಟಿಯ ಕೆಲಸಕ್ಕೆ ಹಾಕಿದ. ಮೆಣಸು ಏನೂ ಕೇಳದೆ ಸೆರಗು ಸಿಕ್ಕಿಸಿ ಅವ್ವನ ಪಕ್ಕ ಕೂತಳು.

"ನೀನ್ಯಾಕೆ ಬಂದೆ?"

"ತೊಟ್ಟಿಗೆ ನಾನು ಕೈ ಹಾಕ್ತೀನಿ. ನೀನು ಮೇಲೆ ಜೋಡಿಸು."

ಅವ್ವ ಬೈಯಲಿಲ್ಲ, ಸರಿದು ಜಾಗ ಬಿಟ್ಟಳು. ಬೀದಿಯಲ್ಲಿ ಹೊಡೆದಾಗಿನಿಂದ ಅವರಿಬ್ಬರ ನಡುವೆ ಮಾತು ಕಡಿಮೆ. ಸುಣ್ಣ ಮೆಣಸಿನ ಉಗುರಿನ ಬುಡಕ್ಕೆ ಇಳಿಯಿತು. ಮೊದಲ ದಿನ ಊಟದ ತುತ್ತು ಹಿಡಿಯಲು ಆಗಲಿಲ್ಲ. ಅಜ್ಜಿ ಕಲಸಿ ಬಾಯಿಗಿಟ್ಟಳು.

ಒಂದು ಬೆಳಗ್ಗೆ ಗೇಟಿನೊಳಗೆ ವ್ಯಾನು ಬಂತು. ಮೇಡಂ ಇಳಿದರು. ಜೊತೆಗೆ ಹೊಸ ದಾನಿಗಳು, ಕ್ಯಾಮೆರಾ ಹಿಡಿದ ಕನ್ನಡಕ. ಬೆರಳು ಹೋದ ಸುದ್ದಿ ಅವರಿಗೆ ಮುಟ್ಟಿತ್ತು.

ಮೇಡಂ ಸೀದಾ ಅವ್ವನ ಹತ್ತಿರ ಬಂದು, ಹೊಲಸು ನೆಲ ಎಂದೂ ನೋಡದೆ ಮಂಡಿಯೂರಿದರು. ಕ್ಯಾಮೆರಾ ಅದನ್ನು ಹಿಡಿಯಿತು.

"ಅಮ್ಮ, ಕೇಳಿ ತುಂಬ ಸಂಕಟ ಆಯ್ತು. ಎಲ್ಲಿ, ಆ ಕೈ ತೋರಿಸಿ. ಜಗತ್ತು ನೋಡ್ಲಿ."

ಅವ್ವನ ಬಲಗೈ ತೊಡೆಯ ಮೇಲಿತ್ತು. ಬೆರಳಿನ ಬುಡದಲ್ಲಿ ಹೊಸ ಚರ್ಮ ಇನ್ನೂ ಗುಲಾಬಿ ಬಣ್ಣದಲ್ಲಿತ್ತು. ಕನ್ನಡಕ ಬಗ್ಗಿ ಕ್ಯಾಮೆರಾ ಹತ್ತಿರ ತಂದಳು.

ಅವ್ವ ಆ ಕೈಯನ್ನು ಸುಣ್ಣದ ತೊಟ್ಟಿಗೆ ಇಳಿಸಿದಳು.

"ಅವ್ವಾ!" ಮೆಣಸು ಕೂಗಿದಳು.

ಅವ್ವ ಮೊಣಕೈವರೆಗೆ ಇಳಿಸಿದಳು. ಬಿಳಿ ನೀರು ಮೇಲೆ ಮುಚ್ಚಿಕೊಂಡಿತು.

"ಕೈ ಕೆಲಸದಲ್ಲಿದೆ ಮೇಡಂ," ಅಂದಳು.

ಮೇಡಂ ನಗುತ್ತಲೇ ಅಜ್ಜಿಯ ಕಡೆ ತಿರುಗಿದರು. ಅಜ್ಜಿ ಎದ್ದು ಬಂದು ತೊಟ್ಟಿಯ ಆ ಬದಿಗೆ ಕೂತು ಎರಡೂ ಕೈ ಮುಳುಗಿಸಿದಳು. ಹಿಂಡುವ ಸಾಲಿನ ಹೆಂಗಸರು ಕರುಳು ಕೆಳಗಿಟ್ಟರು. ಒಬ್ಬೊಬ್ಬಳಾಗಿ ಬಂದು ತೊಟ್ಟಿಯ ಸುತ್ತ ಕೂತರು. ಮೆಣಸು ಅವ್ವನ ಪಕ್ಕದಲ್ಲೇ ಕೈ ಇಳಿಸಿದಳು. ತೊಟ್ಟಿಯ ಮೇಲೆ ಒಂದೇ ಒಂದು ಕೈ ಇರಲಿಲ್ಲ.

"ಏನ್ ನಾಟಕ ಇದು? ತೆಗೀರಿ ಕೈ!" ಮೇಸ್ತ್ರಿ ಅರಚಿದ. "ಇವತ್ತು ಒಬ್ಬಳೂ ಕೆಲಸದಲ್ಲಿ ಇರಲ್ಲ ನೋಡಿ!"

ಕನ್ನಡಕ ಮೆಣಸಿನ ಹತ್ತಿರ ಬಗ್ಗಿ ಪಿಸುಗುಟ್ಟಿದಳು. "ಪ್ಲೀಸ್ ಕಣೇ. ಒಂದೇ ಒಂದು ಫೋಟೋ. ನನ್ನ ಕೆಲಸದ ಪ್ರಶ್ನೆ."

ಮೆಣಸು ಅವಳ ಮುಖ ನೋಡಿದಳು. ಕೈಯನ್ನು ಇನ್ನೂ ಆಳಕ್ಕೆ ಇಳಿಸಿದಳು.

ನೀರು ಸುಡುತ್ತಿತ್ತು. ಅವ್ವನ ಹಣೆಯಿಂದ ಬೆವರು ಹನಿ ಹನಿಯಾಗಿ ತೊಟ್ಟಿಗೆ ಬೀಳುತ್ತಿತ್ತು. ತುಟಿ ಬಿಳಿಚಿತ್ತು. ಅಜ್ಜಿ ನರಳುತ್ತಿದ್ದಳು, ನರಳುತ್ತಲೇ ಕೂತಿದ್ದಳು. ನೀರಿನೊಳಗೆ ಯಾರಿಗೂ ಕಾಣದ ಹಾಗೆ ಒಂದು ಕೈ ಮೆಣಸಿನ ಕೈಯನ್ನು ಹುಡುಕಿ ಹಿಡಿದುಕೊಂಡಿತು. ಅದಕ್ಕೆ ತೋರುಬೆರಳು ಇರಲಿಲ್ಲ.

ದಾನಿಗಳು ಗಡಿಯಾರ ನೋಡಿಕೊಂಡರು. ಮೇಡಂ ಎದ್ದು ಮಂಡಿ ಒರೆಸಿಕೊಂಡರು. ವ್ಯಾನಿನ ಬಾಗಿಲು ಮುಚ್ಚಿದ ಸದ್ದು ಕೇಳಿಸಿತು. ಅದು ಗೇಟು ದಾಟುವವರೆಗೂ ಒಬ್ಬಳೂ ಕೈ ತೆಗೆಯಲಿಲ್ಲ.